ಪಿತ್ತಗಂಧೆ: ಹೆಸರು, ನಿದಾನ, ಚಿಕಿತ್ಸೆ

೧

ಯಾವ ಮುನ್ಸೂಚನೆಯೂ ಇಲ್ಲದೆ ಮೈಮೇಲೆ ಕೆಂಪಗೆ ಉಬ್ಬಿ, ತಾಳಲಾರದ ನವೆಯನ್ನುಂಟುಮಾಡಿ, ಕೆಲವು ಗಳಿಗೆಗಳ ಕಾಲ ಇದ್ದು, ಬಂದ ಗುರುತನ್ನೂ ಉಳಿಸದೆ ಅಡಗಿಹೋಗುವ ದದ್ದುಗಳನ್ನು ಹಳೆಯ ಮೈಸೂರು ಸೀಮೆಯ ಜನರು ಪಿತ್ತಗಂಧೆ ಅಥವಾ ಪಿತ್ತದ ಗಂಧೆ ಎಂದು ಕರೆಯುತ್ತಾರೆ. 'ಪಿತ್ತ ಕೆದರಿತು' ಎಂಬ ಮಾತೂ ಇದನ್ನೇ ಸೂಚಿಸುವುದು. ಸೊಳ್ಳೆ ಕಡಿದ ಕಡೆಯಲ್ಲಿ ಏಳುವ ಉಬ್ಬಿಗೆ ಗಾದರಿ ಎಂಬ ಶಬ್ದವುಂಟು. ದದ್ದು ಎಂಬುದು ಇವೆಲ್ಲಕ್ಕೂ ಸಾಮಾನ್ಯವಾದ ಮಾತು. ಅದು ಸಂಸ್ಕೃತದ ದದ್ರು ಎಂಬುದರ ತದ್ಭವ. ಆದರೆ ಸಂಸ್ಕೃತದಲ್ಲಿ ದದ್ರು ಎಂದರೆ ಗಜಕರ್ಣ ಅಥವಾ ಹುಳುಕಡ್ಡಿ; ಅದು ಬೇರೆಯೇ ಆದ ರೋಗ. ಒಂದು ರೋಗದ ಹೆಸರು ಕಾಲಕ್ರಮದಲ್ಲಿ ಮತ್ತೊಂದಕ್ಕೆ ಅಂಟಿಕೊಳ್ಳುವುದು ಹೊಸದಲ್ಲವೆಂಬುದಕ್ಕೆ ಈ ಒಂದು ಶಬ್ದವೇ ಸಾಕ್ಷಿ.

ಹೆಸರಿನ ವಿಚಾರ ಅಲ್ಪವೆಂದು ತೋರಬಹುದು. ಆದರೆ ರೋಗಕ್ಕೆ ಇಟ್ಟ ಹೆಸರು ಬರಿಯ ಗುರುತಲ್ಲ. ಅದರೊಳಗೆ ಒಂದು ನಿದಾನ ಅಡಗಿರುತ್ತದೆ, ನಿದಾನವನ್ನು ಹಿಂಬಾಲಿಸಿ ಚಿಕಿತ್ಸೆ ಬರುತ್ತದೆ. ಪಿತ್ತಗಂಧೆ ಎಂದೊಡನೆ ಮನೆಯವರ ದೃಷ್ಟಿ ಊಟದ ಎಲೆಯ ಕಡೆಗೆ ತಿರುಗುತ್ತದೆ. ನಿನ್ನೆ ತಿಂದದ್ದೇನು, ಯಾವುದು ಉಷ್ಣವಾಯಿತು, ಯಾವುದು ನಂಜಾಯಿತು ಎಂಬ ವಿಚಾರಣೆ ಮೊದಲಾಗುತ್ತದೆ. ಬದನೆಕಾಯಿ, ಕಡಲೆಕಾಯಿ, ಮೊಟ್ಟೆ, ಒಣಮೀನು ಇವು ಒಂದೊಂದಾಗಿ ವರ್ಜ್ಯವಾಗುತ್ತವೆ. ಈ ವಿಚಾರಣೆ ಕೆಲವು ವೇಳೆ ಸಫಲವಾಗುವುದುಂಟು. ಬಹಳ ವೇಳೆ ಅದು ದಾರಿತಪ್ಪಿಸುತ್ತದೆ.

ಈ ದಾರಿತಪ್ಪುವಿಕೆ ಎಲ್ಲಕ್ಕಿಂತ ದುಬಾರಿಯಾಗುವುದು ಬೆಂಗಳೂರಿನ ಹೊರವಲಯದಲ್ಲಿ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವ್ಯವಸಾಯದ ನೆಲೆಯಾಗಿ ಸ್ಥಾಪಿತವಾದ ವೈಟ್‌ಫೀಲ್ಡ್, ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ರೂಪುಗೊಂಡ ಪೀಣ್ಯದ ಕೈಗಾರಿಕಾ ಪ್ರದೇಶ, ಅದೇ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯಿಂದ ಆರಂಭವಾದ ಎಲೆಕ್ಟ್ರಾನಿಕ್ ಸಿಟಿ: ಈ ಮೂರು ಎಡೆಗಳಲ್ಲಿ ನಾಡಿನ ಎಲ್ಲ ಮೂಲೆಗಳಿಂದ ಬಂದ ಜನರು ಲೋಹ, ಎಣ್ಣೆ, ಬಣ್ಣ, ಬೆಸುಗೆ, ಬೆವರು ಮತ್ತು ಶೀತಯಂತ್ರದ ಗಾಳಿಗಳ ನಡುವೆ ದಿನವನ್ನು ಕಳೆಯುತ್ತಾರೆ. ಅವರ ಚರ್ಮದ ಮೇಲೆ ಏಳುವುದೆಲ್ಲವೂ ಪಿತ್ತಗಂಧೆಯಲ್ಲ; ನಿಜವಾದ ಪಿತ್ತಗಂಧೆಯೂ ಪಿತ್ತದಿಂದ ಬಂದುದಲ್ಲ. ಈ ಎರಡು ಮಾತುಗಳನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಆಯುರ್ವೇದದಲ್ಲಿ ಈ ರೋಗದ ವಿಚಾರ ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತು ಹತ್ತು ದ್ರವ್ಯಗಳ ಐವತ್ತು ವರ್ಗಗಳನ್ನು ಹೇಳುವಾಗ ಉದರ್ದಪ್ರಶಮನವೆಂಬ ಒಂದು ವರ್ಗವನ್ನೇ ಬೇರೆಯಾಗಿ ಎಣಿಸಲಾಗಿದೆ. ಅದರಲ್ಲಿ ಖದಿರ, ಅರ್ಜುನ, ಸಪ್ತಪರ್ಣ ಮೊದಲಾದವು ಸೇರಿವೆ. ರೋಗನಿದಾನಕ್ಕೆ ಪ್ರಮಾಣಗ್ರಂಥವೆನಿಸಿದ ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಮೂರಕ್ಕೂ ಸೇರಿ ಒಂದು ಪ್ರತ್ಯೇಕ ಅಧ್ಯಾಯವಿದೆ. ಅದು ಕುಷ್ಠನಿದಾನದ ಅನಂತರವೂ ಅಮ್ಲಪಿತ್ತನಿದಾನಕ್ಕೆ ಮೊದಲೂ ಬರುತ್ತದೆ. ಚರ್ಮದ ಇತರ ಅನೇಕ ವ್ಯಾಧಿಗಳನ್ನು ಕುಷ್ಠವೆಂಬ ದೊಡ್ಡ ಹೆಸರಿನಡಿಯಲ್ಲಿ ಸೇರಿಸಿದ ಶಾಸ್ತ್ರವು ಇದನ್ನು ಅಲ್ಲಿಂದ ಹೊರಗಿಟ್ಟಿತೆಂಬುದು ಗಮನಾರ್ಹ. ಇದರ ಸ್ವಭಾವ ಬೇರೆಯೆಂದು ಪ್ರಾಚೀನರು ಸ್ಪಷ್ಟವಾಗಿ ಕಂಡಿದ್ದರು.

ಆ ಅಧ್ಯಾಯದ ತಾತ್ಪರ್ಯವಿಷ್ಟು. ತಣ್ಣನೆಯ ಗಾಳಿಯ ಸ್ಪರ್ಶದಿಂದ ಕಫವಾತಗಳು ಕೆರಳಿ, ಪಿತ್ತದೊಡನೆ ಕೂಡಿಕೊಂಡು, ಒಳಗೂ ಹೊರಗೂ ಹರಡುತ್ತವೆ. ಬಾಯಾರಿಕೆ, ಅರುಚಿ, ಓಕರಿಕೆ, ಮೈಭಾರ, ಕಣ್ಣು ಕೆಂಪಾಗುವಿಕೆ ಇವು ಪೂರ್ವರೂಪಗಳು. ಬಳಿಕ ಕಣಜ ಕುಟುಕಿದಂತೆ ಚರ್ಮವು ಉಬ್ಬಿ, ನವೆಯೂ ಚುಚ್ಚುವ ನೋವೂ ಉಂಟಾಗುತ್ತವೆ. ವಾಂತಿ, ಜ್ವರ, ಉರಿಗಳು ಜೊತೆಗೂಡಬಹುದು. ವಾತ ಹೆಚ್ಚಾದದ್ದು ಶೀತಪಿತ್ತ. ಕಫ ಹೆಚ್ಚಾಗಿ, ನಡುವೆ ತಗ್ಗಿದ ಕೆಂಪು ಮಂಡಲಗಳಾಗಿ ಶಿಶಿರದಲ್ಲಿ ಕಾಣುವುದು ಉದರ್ದ. ವಮನವು ಸರಿಯಾಗಿ ಆಗದೆ ಹೋದಾಗ ಏಳುವುದು ಕೋಠ; ಅದು ಮರಳಿ ಮರಳಿ ಬರುತ್ತಿದ್ದರೆ ಉತ್ಕೋಠ. ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಅಳಿಯುವುದೇ ಕೋಠದ ಸ್ವಭಾವವೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ.

ಇಲ್ಲಿ ಎರಡು ಅಂಶಗಳನ್ನು ಆರಿಸಿಕೊಳ್ಳಬೇಕು. ಮೊದಲನೆಯದು, ನಿದಾನದ ಆರಂಭವೇ ಸ್ಪರ್ಶ. ಹೊರಗಿನ ಒಂದು ವಸ್ತು ಮೈಗೆ ತಾಗುವುದು. ಎರಡನೆಯದು, ಬೇಗ ಬಂದು ಬೇಗ ಹೋಗುವುದೆಂಬ ಕಾಲಲಕ್ಷಣ. ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ಬರೆಯುವ ಪರಂಪರೆ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಗ್ರಂಥಗಳಲ್ಲಿ ಬೆಳೆದು ಬಂದಿತಾದರೂ, ಜನರ ನಾಲಗೆಯ ಮೇಲೆ ಉಳಿದದ್ದು ಶಾಸ್ತ್ರದ ವಿವೇಚನೆಯಲ್ಲ, ಒಂದು ಹೆಸರು. ಶೀತಪಿತ್ತವೆಂಬ ಜೋಡುಪದದಲ್ಲಿ ಶೀತವು ಹೊರಗಿನ ಕಾರಣವನ್ನೂ ಪಿತ್ತವು ಒಳಗಿನ ಕಾರಣವನ್ನೂ ಹೇಳುತ್ತಿದ್ದವು. ಆಡುಮಾತಿನ ಪಿತ್ತಗಂಧೆಯಲ್ಲಿ ಶೀತವು ಕಾಣುವುದಿಲ್ಲ, ಪಿತ್ತವೊಂದೇ ಇದೆ. ಹೊರಗಿನ ಕಾರಣವನ್ನು ಹುಡುಕುವ ಅಭ್ಯಾಸವೂ ಆ ಹೆಸರಿನಲ್ಲಿ ಇಲ್ಲವಾಯಿತು.

೩

ಪಾಶ್ಚಾತ್ಯ ವೈದ್ಯದಲ್ಲಿಯೂ ಹೆಸರಿನ ಕಥೆ ಸ್ಪರ್ಶದಿಂದಲೇ ಮೊದಲಾಗುತ್ತದೆ. ಮೈಗೆ ತಾಗಿದರೆ ಉರಿಯುವ ಒಂದು ಗಿಡಕ್ಕೆ ಲ್ಯಾಟಿನ್ ಭಾಷೆಯಲ್ಲಿ ಅರ್ಟಿಕ ಎಂದು ಹೆಸರು. ಆ ಗಿಡದ ರೋಮ ತಗುಲಿದಾಗ ಏಳುವಂತಹ ದದ್ದುಗಳಾದುದರಿಂದ ೧೮ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್ ಈ ರೋಗವನ್ನು ಅರ್ಟಿಕೇರಿಯ ಎಂದು ಕರೆದನು. ಮಲೆನಾಡಿನ ತುರಚೆ ಗಿಡವನ್ನು ಮುಟ್ಟಿದವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ರೋಗದ ಒಳಗುಟ್ಟು ಬಯಲಾಗಲು ನೂರು ವರ್ಷಗಳಿಗೂ ಮೇಲ್ಪಟ್ಟು ಹಿಡಿಯಿತು. ೧೮೭೮ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವಿದ್ವಾಂಸನು ಚರ್ಮದಲ್ಲಿ ಹರಡಿಕೊಂಡಿರುವ, ಕಣಗಳಿಂದ ತುಂಬಿದ ಒಂದು ಬಗೆಯ ಜೀವಕೋಶಗಳನ್ನು ಗುರುತಿಸಿ ಅವಕ್ಕೆ ಮಾಸ್ಟ್ ಕೋಶಗಳೆಂದು ಹೆಸರಿಟ್ಟನು. ೧೯೦೬ರಲ್ಲಿ ವಿಯೆನ್ನಾದ ಫಾನ್ ಪಿರ್ಕೆ ಅಲರ್ಜಿ ಎಂಬ ಶಬ್ದವನ್ನು ಸೃಷ್ಟಿಸಿದನು. ಕನ್ನಡದಲ್ಲಿ ಇದಕ್ಕೆ ಒಗ್ಗದಿಕೆ ಎಂಬ ಮಾತು ಬಳಕೆಗೆ ಬಂದಿದೆ. ೧೯೧೦ರಲ್ಲಿ ಡೇಲ್ ಮತ್ತು ಲೇಡ್ಲಾ ಎಂಬವರು ಹಿಸ್ಟಮಿನ್ ಎಂಬ ರಾಸಾಯನಿಕದ ಗುಣಗಳನ್ನು ವಿವರಿಸಿದರು. ಥಾಮಸ್ ಲೂಯಿಸ್ ೧೯೨೦ರ ದಶಕದಲ್ಲಿ ಚರ್ಮವನ್ನು ಗೀರಿದಾಗ ಮೊದಲು ಕೆಂಪು ಗೆರೆ, ಆಮೇಲೆ ಸುತ್ತಲೂ ಕೆಂಪು, ಕೊನೆಗೆ ಉಬ್ಬು ಎಂಬ ಮೂರು ಹಂತಗಳು ತೋರುವುದನ್ನು ಸೂಕ್ಷ್ಮವಾಗಿ ವರ್ಣಿಸಿದನು. ಹಿಸ್ಟಮಿನ್ ಮಾಸ್ಟ್ ಕೋಶಗಳಲ್ಲೇ ಸಂಗ್ರಹವಾಗಿರುತ್ತದೆಂಬುದು ೧೯೫೦ರ ದಶಕದ ಆರಂಭದಲ್ಲಿ ಸ್ಥಿರವಾಯಿತು.

ಸಂಗ್ರಹವಾಗಿ ಹೇಳುವುದಾದರೆ, ಯಾವುದೋ ಒಂದು ಪ್ರಚೋದನೆಯಿಂದ ಮಾಸ್ಟ್ ಕೋಶಗಳು ತಮ್ಮ ಕಣಗಳನ್ನು ಹೊರಚೆಲ್ಲುತ್ತವೆ. ಅದರಲ್ಲಿನ ಹಿಸ್ಟಮಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ಅವುಗಳ ಭಿತ್ತಿಯಿಂದ ದ್ರವವನ್ನು ಜಿನುಗಿಸುತ್ತದೆ. ಆ ದ್ರವವೇ ಉಬ್ಬು. ಅದು ನರಗಳ ತುದಿಗಳನ್ನು ಕೆರಳಿಸುವುದೇ ನವೆ. ದ್ರವವು ಮತ್ತೆ ಹೀರಿಕೊಳ್ಳಲ್ಪಟ್ಟ ಮೇಲೆ ಗುರುತು ಉಳಿಯುವುದಿಲ್ಲ. ಇದೇ ಕ್ರಿಯೆ ಚರ್ಮದ ಆಳದಲ್ಲಿ ನಡೆದರೆ ತುಟಿ, ರೆಪ್ಪೆ, ನಾಲಗೆ ಊದಿಕೊಳ್ಳುತ್ತವೆ. ಎಲ್ಲ ನವೆಯೂ ಹಿಸ್ಟಮಿನ್ನಿನದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು: ನಸುಗುನ್ನಿಯ ಕಾಯಿಯ ರೋಮ ತಗುಲಿದಾಗಿನ ಭಯಂಕರ ತುರಿಕೆಯು ಬಹುಮಟ್ಟಿಗೆ ಅದರಲ್ಲಿರುವ ಪ್ರೋಟೀನುಭೇದಕ ಕಿಣ್ವವೊಂದರಿಂದ ಬರುತ್ತದೆ, ಹಿಸ್ಟಮಿನ್ನನ್ನು ತಡೆಯುವ ಗುಳಿಗೆ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ.

ಪ್ರಾಚೀನರ ಕಾಲಲಕ್ಷಣವೇ ಆಧುನಿಕರಿಗೂ ಮುಖ್ಯ ಒರೆಗಲ್ಲು. ಒಂದೊಂದು ದದ್ದೂ ಸಾಮಾನ್ಯವಾಗಿ ೨೪ ಗಂಟೆಗಳೊಳಗೆ ಮಾಯವಾಗಬೇಕು. ಹೊಸವು ಬೇರೆ ಕಡೆ ಏಳಬಹುದು. ಒಂದು ದದ್ದಿನ ಸುತ್ತ ಲೇಖನಿಯಿಂದ ಗೆರೆ ಎಳೆದು ಮರುದಿನ ನೋಡುವುದು ಯಾರಾದರೂ ಮಾಡಬಹುದಾದ ಪರೀಕ್ಷೆ. ಇಡೀ ತೊಂದರೆ ೬ ವಾರಗಳೊಳಗೆ ಮುಗಿದರೆ ಅದು ತಾತ್ಕಾಲಿಕ, ಮೀರಿದರೆ ದೀರ್ಘಕಾಲಿಕ. ಐವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರಬಹುದೆಂದು ವೈದ್ಯರ ಅಂದಾಜು. ದೀರ್ಘಕಾಲಿಕವಾದದ್ದು ನೂರರಲ್ಲಿ ಒಬ್ಬರಿಗೆ ಮಾತ್ರ.

ದೀರ್ಘಕಾಲಿಕ ರೋಗದಲ್ಲಿ ಆಹಾರವು ಕಾರಣವಾಗುವುದು ಅಪರೂಪ. ಅನೇಕ ರೋಗಿಗಳಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ತನ್ನ ಮಾಸ್ಟ್ ಕೋಶಗಳನ್ನು ಕೆರಳಿಸುವ ಪ್ರತಿಕಾಯಗಳನ್ನು ಉತ್ಪತ್ತಿಮಾಡುತ್ತದೆ. ಇಂತಹವರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆ ಇತರರಿಗಿಂತ ಹೆಚ್ಚಾಗಿ ಕಾಣುವುದೂ ಈ ಕಾರಣದಿಂದಲೇ. ಆದಕಾರಣ ನೂರಾರು ತಿನಿಸುಗಳ ಪಟ್ಟಿ ಹಿಡಿದು ಮಾಡಿಸುವ ದುಬಾರಿ ರಕ್ತಪರೀಕ್ಷೆಗಳಿಂದ ಇವರಿಗೆ ಪ್ರಯೋಜನ ಅತ್ಯಲ್ಪ.

೪

ಹೊರಗಿನ ಕಾರಣ, ಅಂದರೆ ಮರೆತುಹೋದ ಆ ಶೀತಾಂಶ, ಬೆಂಗಳೂರಿನ ಹೊರವಲಯದ ದಿನಚರಿಯಲ್ಲಿ ಹಲವು ರೂಪಗಳಲ್ಲಿ ಎದುರಾಗುತ್ತದೆ. ಮಾರ್ಗಶಿರ ಪುಷ್ಯಗಳ ಮುಂಜಾವಿನಲ್ಲಿ ಮೋಟಾರುಬೈಕಿನ ಮೇಲೆ ಬರುವವನ ಮುಖ ಕೈಗಳಿಗೆ ತಣ್ಣನೆಯ ಗಾಳಿ ಬಡಿದು ದದ್ದು ಎದ್ದರೆ, ಅಥವಾ ಕಚೇರಿಯ ಶೀತಯಂತ್ರದ ಕೆಳಗೆ ಕುಳಿತ ಕೆಲವು ನಿಮಿಷಗಳಲ್ಲಿ ನವೆ ಹುಟ್ಟಿದರೆ, ಅದು ಮಾಧವನು ಹೇಳಿದ ಶೀತಮಾರುತದ ಸ್ಪರ್ಶವೇ ಸರಿ. ಮಂಜುಗಡ್ಡೆಯ ತುಂಡೊಂದನ್ನು ಮುಂಗೈಯ ಮೇಲೆ ಐದು ನಿಮಿಷ ಇಟ್ಟು ತೆಗೆದು ಆಮೇಲೆ ಉಬ್ಬು ಏಳುವುದೇ ಎಂದು ವೈದ್ಯರು ನೋಡುತ್ತಾರೆ. ಇಂತಹ ರೋಗಿ ತಣ್ಣೀರಿನಲ್ಲಿ ಈಜಲು ಇಳಿಯುವುದು ಪ್ರಾಣಾಪಾಯಕರ.

ಇದಕ್ಕೆ ವಿರುದ್ಧವಾದದ್ದು ಬೆವರಿನ ಪಿತ್ತಗಂಧೆ. ಕುಲುಮೆಯ ಬಳಿ, ಸಿದ್ಧ ಉಡುಪಿನ ಕಾರ್ಖಾನೆಯ ಇಸ್ತ್ರಿಯ ಮೇಜಿನ ಬಳಿ ದುಡಿಯುವ ತರುಣರಿಗೆ ಮೈ ಬಿಸಿಯಾದ ಕೆಲವು ನಿಮಿಷಗಳಲ್ಲಿ ಸಾಸುವೆಕಾಳಿನಷ್ಟು ಸಣ್ಣ ಉಬ್ಬುಗಳು ಎದೆ ಬೆನ್ನುಗಳ ಮೇಲೆ ಏಳುತ್ತವೆ, ತಣ್ಣಗಾದ ಮೇಲೆ ಒಂದು ಗಂಟೆಯೊಳಗೆ ಅಡಗುತ್ತವೆ. ಬಿಸಿನೀರಿನ ಸ್ನಾನ, ಖಾರದ ಊಟ, ಮನಸ್ಸಿನ ಕಳವಳಗಳಿಂದಲೂ ಇದು ಬರುವುದರಿಂದ 'ಉಷ್ಣ' ಎಂಬ ಜನರ ಮಾತು ಇಲ್ಲಿ ಪೂರ್ತಿ ಸುಳ್ಳಲ್ಲ. ಆದರೆ ಆ ಉಷ್ಣ ಹೊಟ್ಟೆಯದಲ್ಲ, ಮೈಯದು.

ಮೂರನೆಯದು ಉಜ್ಜುವಿಕೆ ಮತ್ತು ಒತ್ತಡ. ನಡುಪಟ್ಟಿ, ಬಿಗಿಯಾದ ತೋಳು, ಸುರಕ್ಷತೆಗೆ ಕಟ್ಟುವ ಪಟ್ಟಿ ಇವು ಉಜ್ಜಿದಲ್ಲಿ ಗೆರೆಗೆರೆಯಾಗಿ ದದ್ದು ಏಳುವುದುಂಟು. ಹೆಗಲಮೇಲಿನ ಭಾರದ ಚೀಲ, ಗಂಟೆಗಟ್ಟಲೆ ನಿಂತ ಅಂಗಾಲು ಇವುಗಳಲ್ಲಿ ಹಲವು ಗಂಟೆಗಳ ಅನಂತರ ಆಳವಾದ ಊತ ಬಂದು ಎರಡು ಮೂರು ದಿನ ನಿಲ್ಲುವುದುಂಟು. ೨೪ ಗಂಟೆಗಳ ನಿಯಮಕ್ಕೆ ಇದು ಅಪವಾದ. ಪಿತ್ತಗಂಧೆ ಬಂದವರನ್ನು ಒರಟು ಕಂಬಳಿಯಿಂದ ಉಜ್ಜುವ ಹಳೆಯ ಪದ್ಧತಿಯು ಉಜ್ಜುವಿಕೆಯಿಂದ ಬಂದ ದದ್ದಿಗೆ ಮದ್ದಾಗದೆ ಇನ್ನಷ್ಟು ದದ್ದನ್ನೇ ತರುವುದೆಂದು ಇದರಿಂದ ವೇದ್ಯವಾಗುತ್ತದೆ.

೫

ಇನ್ನು ಪಿತ್ತಗಂಧೆಯೆಂಬ ಹೆಸರನ್ನು ಹೊತ್ತು ತಿರುಗುವ ಬೇರೆ ರೋಗದ ವಿಚಾರ. ಪೀಣ್ಯದಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಸಣ್ಣ ಕಾರ್ಖಾನೆಗಳುಂಟು. ಆ ಕೆಲಸದಲ್ಲಿ ಕ್ರೋಮಿಯಂ ಮತ್ತು ನಿಕ್ಕಲ್ ಲವಣಗಳ ದ್ರಾವಣಗಳು ಬಳಕೆಯಾಗುತ್ತವೆ. ಲೇತುಗಳಲ್ಲಿ ಕೊರೆಯುವಾಗ ಎಣ್ಣೆನೀರಿನ ಕೂಲೆಂಟು ಕೈಮೇಲೆ ಚಿಮ್ಮುತ್ತದೆ. ಎಲೆಕ್ಟ್ರಾನಿಕ್ ಉಪಕರಣಗಳ ಬೆಸುಗೆಯಲ್ಲಿ ರಾಳದ ಹೊಗೆ ಏಳುತ್ತದೆ. ಮೂರೂ ಎಡೆಗಳಲ್ಲಿ ನಿಲ್ಲದೆ ಸಾಗುವ ಕಟ್ಟಡದ ಕೆಲಸದಲ್ಲಿ ಹಸಿ ಸಿಮೆಂಟಿನೊಳಗಿನ ಕ್ರೋಮೇಟು ಕೈಕಾಲುಗಳಿಗೆ ತಗುಲುತ್ತದೆ. ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಸೊಂಪಾಗಿ ಬೆಳೆಯುತ್ತದೆ. ೧೯೫೬ರಲ್ಲಿ ಪುಣೆಯಿಂದ ವರದಿಯಾದ ಈ ಪರದೇಶದ ಕಳೆ ಬೆಂಗಳೂರಿನ ಸುತ್ತ ಎಷ್ಟು ಹಬ್ಬಿತೆಂದರೆ, ಅದನ್ನು ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ ೧೯೮೪ರಲ್ಲಿ ಇಲ್ಲಿ ಬಿಡಬೇಕಾಯಿತು.

ಇವೆಲ್ಲವುಗಳಿಂದ ಬರುವುದು ಮುಖ್ಯವಾಗಿ ಸ್ಪರ್ಶಜನ್ಯ ಚರ್ಮದುರಿ. ಇದು ತಗುಲಿದ ಒಂದೆರಡು ದಿನಗಳ ಮೇಲೆ ತೋರುತ್ತದೆ, ವಾರಗಟ್ಟಲೆ ನಿಲ್ಲುತ್ತದೆ, ಚರ್ಮ ಒಡೆಯುತ್ತದೆ, ಸೋರುತ್ತದೆ, ದಪ್ಪವಾಗಿ ಕಪ್ಪಾಗುತ್ತದೆ. ಸಿಮೆಂಟಿನದು ಕೈಗಳಲ್ಲಿ, ಕಾಂಗ್ರೆಸ್ ಗಿಡದ್ದು ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ಹೆಚ್ಚು. ಗುರುತುಳಿಸದೆ ಹೋಗುವ ಪಿತ್ತಗಂಧೆಗೂ ಗುರುತುಳಿಸಿ ನಿಲ್ಲುವ ಇದಕ್ಕೂ ಇರುವ ಅಂತರವನ್ನು ಗೆರೆಯೆಳೆದು ನೋಡುವ ಮೇಲಿನ ಪರೀಕ್ಷೆಯೇ ತೋರಿಸಿಕೊಡುತ್ತದೆ. ಇದಕ್ಕೆ ಮದ್ದೂ ಬೇರೆ: ಮುಲಾಮು, ಕೈಗವಸು, ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆ, ಎಲ್ಲಕ್ಕಿಂತ ಮಿಗಿಲಾಗಿ ತಗುಲುವ ವಸ್ತುವಿನಿಂದ ದೂರವಿರುವುದು.

ಹೆಸರು ತಪ್ಪಿದರೆ ಆಗುವ ನಷ್ಟ ಇಲ್ಲಿ ಸ್ಪಷ್ಟವಾಗುತ್ತದೆ. ತನ್ನ ಕೈಯ ಬಿರುಕನ್ನು ಪಿತ್ತವೆಂದು ನಂಬಿದ ಕೆಲಸಗಾರನು ಬದನೆಕಾಯಿಯನ್ನು ಬಿಡುತ್ತಾನೆ, ಕ್ರೋಮಿಯಂ ದ್ರಾವಣವನ್ನು ಬಿಡುವುದಿಲ್ಲ. ಅಷ್ಟೇ ಅಲ್ಲ, ನೌಕರರ ವಿಮೆಯ ಕಾನೂನಿನ ವೃತ್ತಿರೋಗಗಳ ಅನುಸೂಚಿಯಲ್ಲಿ ಕೆಲಸದ ವಸ್ತುಗಳಿಂದ ಬರುವ ಚರ್ಮರೋಗಗಳೂ ಸೇರಿವೆ. ಪಿತ್ತಕ್ಕೆ ಯಾವ ಕಾಯಿದೆಯೂ ಪರಿಹಾರ ಕೊಡದು. ವಿಮಾ ಚಿಕಿತ್ಸಾಲಯದ ವೈದ್ಯರಿಗೆ ತಾನು ಮಾಡುವ ಕೆಲಸವನ್ನೂ ಮುಟ್ಟುವ ವಸ್ತುಗಳನ್ನೂ ರಜಾದಿನಗಳಲ್ಲಿ ರೋಗ ಇಳಿಯುವುದೇ ಇಲ್ಲವೇ ಎಂಬುದನ್ನೂ ವಿವರಿಸುವುದು ರೋಗಿಯ ಹಕ್ಕೂ ಹೌದು, ಹಿತವೂ ಹೌದು.

೬

ಮಕ್ಕಳ ವಿಚಾರ ಬೇರೆಯಾಗಿ ಹೇಳತಕ್ಕದ್ದು. ಮಕ್ಕಳಲ್ಲಿ ಒಮ್ಮೆಗೇ ಮೈತುಂಬ ಏಳುವ ಪಿತ್ತಗಂಧೆಗೆ ಅತ್ಯಂತ ಸಾಮಾನ್ಯವಾದ ಕಾರಣ ಆಹಾರವಲ್ಲ, ನೆಗಡಿ ಜ್ವರಗಳನ್ನು ತರುವ ವಿಷಾಣುಗಳು. ಜ್ವರಕ್ಕೆ ಔಷಧ ಕೊಟ್ಟ ಮರುದಿನ ದದ್ದು ಕಂಡರೆ ದೋಷವೆಲ್ಲ ಔಷಧದ ಮೇಲೆ ಬೀಳುವುದುಂಟು. ನಿಜವಾಗಿ ಜ್ವರವೇ ಅದನ್ನು ತಂದಿರಬಹುದು. ಇದನ್ನು ವೈದ್ಯರು ನಿರ್ಣಯಿಸದೆ ಮಗುವಿಗೆ ಇಂತಹ ಔಷಧ ಒಗ್ಗದೆಂದು ಜೀವಮಾನದ ಶಾಸನ ಬರೆದುಬಿಡುವುದು ಸರಿಯಲ್ಲ.

ಆಹಾರ ಕಾರಣವಾಗಿದ್ದರೆ ಅದಕ್ಕೊಂದು ಕ್ರಮವಿದೆ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ದದ್ದು ಏಳಬೇಕು. ಅದೇ ವಸ್ತುವನ್ನು ಮತ್ತೆ ತಿಂದಾಗಲೂ ಏಳಬೇಕು. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ, ಮೀನು, ಸೀಗಡಿ ಇವು ಹೆಚ್ಚಾಗಿ ಕಾರಣವಾಗುವ ವಸ್ತುಗಳು. ಈ ಕ್ರಮಕ್ಕೆ ಹೊಂದದಿದ್ದಾಗ ಹಾಲು, ಮೊಟ್ಟೆ, ಬೇಳೆಗಳನ್ನು ನಂಜೆಂದು ತಪ್ಪಿಸಿದರೆ ರೋಗ ಹೋಗುವುದಿಲ್ಲ, ಮಗುವಿನ ಪುಷ್ಟಿ ಹೋಗುತ್ತದೆ. ನಂಜು ಎಂದರೆ ವಿಷ. ನಂಜುಂಡನೆಂಬ ಶಿವನಾಮದಲ್ಲಿ ಅದು ಹಾಲಾಹಲ. ಬೆಳೆಯುವ ಮಗುವಿನ ಬಟ್ಟಲಿನ ಹಾಲಿಗೆ ಆ ಶಬ್ದವನ್ನು ಪ್ರಯೋಗಿಸುವ ಮೊದಲು ಪ್ರಮಾಣ ಬೇಕು.

ಮತ್ತೊಂದು ತಪ್ಪುಗ್ರಹಿಕೆಯೂ ಉಂಟು. ಕೆರೆ ಕಾಲುವೆಗಳ ಅಂಚಿನ ಬಡಾವಣೆಗಳಲ್ಲಿ ಮಕ್ಕಳ ಕೈಕಾಲುಗಳ ಮೇಲೆ ಸೊಳ್ಳೆ, ಚಿಗಟ, ತಿಗಣೆಗಳ ಕಡಿತದಿಂದ ಗಟ್ಟಿಯಾದ ಗಾದರಿಗಳು ಎದ್ದು, ದಿನಗಟ್ಟಲೆ ನಿಂತು, ಕೆರೆದು ಹುಣ್ಣಾಗುತ್ತವೆ. ಇದಕ್ಕೆ ಬೇಕಾದದ್ದು ಪಥ್ಯವಲ್ಲ, ಸೊಳ್ಳೆಪರದೆ. ಗಾದರಿಯೆಂಬ ಶಬ್ದವನ್ನು ಪಿತ್ತಗಂಧೆಯಿಂದ ಬೇರ್ಪಡಿಸಿ ಇಟ್ಟುಕೊಂಡರೆ ಈ ಭೇದವು ಮಾತಿನಲ್ಲಿಯೇ ಉಳಿಯುತ್ತದೆ.

೭

ಚಿಕಿತ್ಸೆಯ ಮೂಲತತ್ತ್ವ ಸರಳವಾದುದು: ಪ್ರಚೋದನೆಯನ್ನು ತಪ್ಪಿಸುವುದು, ಹಿಸ್ಟಮಿನ್ನಿನ ಕ್ರಿಯೆಯನ್ನು ತಡೆಯುವುದು. ಹಿಸ್ಟಮಿನ್‌ವಿರೋಧಿ ದ್ರವ್ಯಗಳನ್ನು ಮೊದಲು ಕಂಡುಹಿಡಿದವರು ೧೯೩೭ರಲ್ಲಿ ಪ್ಯಾರಿಸಿನ ಬೊವೆ ಮತ್ತು ಸ್ಟಾಬ್; ಬೊವೆಗೆ ೧೯೫೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗುಳಿಗೆಗಳಲ್ಲಿ ಎರಡು ತಲೆಮಾರುಗಳಿವೆ. ಹಳೆಯವಾದ ಫೆನಿರಮಿನ್, ಕ್ಲೋರ್‌ಫೆನಿರಮಿನ್ ಮೊದಲಾದವು ಮಿದುಳನ್ನು ಪ್ರವೇಶಿಸಿ ತೂಕಡಿಕೆ ತರುತ್ತವೆ. ಹೊಸವಾದ ಸೆಟಿರಿಜಿನ್, ಲೆವೊಸೆಟಿರಿಜಿನ್, ಲೊರಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವುಗಳಲ್ಲಿ ಆ ದೋಷ ಕಡಮೆ. ಸೆಟಿರಿಜಿನ್ನಿನಿಂದ ಮಾತ್ರ ಕೆಲವರಿಗೆ ಕೊಂಚ ಮಂಪರು ಬರುವುದುಂಟು.

ಈ ಭೇದವು ಪೀಣ್ಯದಂತಹ ಎಡೆಯಲ್ಲಿ ಕೇವಲ ಶಾಸ್ತ್ರದ ಮಾತಲ್ಲ. ಔಷಧದಂಗಡಿಯಲ್ಲಿ ಕೇಳಿ ಕೊಂಡ ಹಳೆಯ ಗುಳಿಗೆಯೊಂದನ್ನು ನುಂಗಿ ರಾತ್ರಿ ಪಾಳಿಯಲ್ಲಿ ಲೇತಿನ ಮುಂದೆ, ಒತ್ತುಯಂತ್ರದ ಮುಂದೆ ನಿಲ್ಲುವವನಿಗೆ ಒಂದು ಕ್ಷಣದ ತೂಕಡಿಕೆಯ ಬೆಲೆ ಬೆರಳಾಗಬಹುದು. ಹೆದ್ದಾರಿಯಲ್ಲಿ ಲಾರಿ ನಡೆಸುವವನಿಗೆ ಪ್ರಾಣವಾಗಬಹುದು. ಶಾಲೆಯ ಬೆಂಚಿನ ಮೇಲೆ ತೂಕಡಿಸುವ ಮಗುವನ್ನು ಗದರಿಸುವ ಮೊದಲು ಅದು ಪಿತ್ತಗಂಧೆಗೆ ಯಾವ ಔಷಧವನ್ನು ಕುಡಿದಿದೆಯೆಂದು ಉಪಾಧ್ಯಾಯರು ವಿಚಾರಿಸುವುದು ಒಳ್ಳೆಯದು.

ತಾತ್ಕಾಲಿಕ ರೋಗಕ್ಕೆ ಹೊಸ ಬಗೆಯ ಗುಳಿಗೆ ಕೆಲವು ದಿನಗಳ ಕಾಲ ಸಾಕು. ದೀರ್ಘಕಾಲಿಕದಲ್ಲಿ ಅದನ್ನು ದದ್ದು ಎದ್ದಾಗ ಮಾತ್ರವಲ್ಲದೆ ಪ್ರತಿದಿನವೂ ತೆಗೆದುಕೊಳ್ಳಬೇಕು. ಒಂದು ಪ್ರಮಾಣ ಸಾಲದಿದ್ದರೆ ವಯಸ್ಕರಲ್ಲಿ ವೈದ್ಯರು ಅದನ್ನು ನಾಲ್ಕರಷ್ಟರವರೆಗೆ ಏರಿಸುವುದುಂಟು. ಮಕ್ಕಳ ಪ್ರಮಾಣವನ್ನು ವಯಸ್ಸು ತೂಕಗಳಿಗೆ ತಕ್ಕಂತೆ ವೈದ್ಯರೇ ಗೊತ್ತುಮಾಡಬೇಕು. ಅದಕ್ಕೂ ಬಗ್ಗದವರಿಗೆ ಒಮಲಿಜುಮ್ಯಾಬ್ ಎಂಬ ಚುಚ್ಚುಮದ್ದು ೨೦೧೪ರಿಂದ ವಿವಿಧ ದೇಶಗಳಲ್ಲಿ ಅಂಗೀಕೃತವಾಗಿದೆ. ನಾಲ್ಕು ವಾರಕ್ಕೊಮ್ಮೆ ೩೦೦ ಮಿಲಿಗ್ರಾಂ ಅದರ ರೂಢಿಯ ಪ್ರಮಾಣ. ಬೆಲೆ ಹೆಚ್ಚಾದುದರಿಂದ ಎಲ್ಲರಿಗೂ ಎಟುಕುವುದಿಲ್ಲ. ಬೇಗ ಗುಣ ತೋರುವ ಸ್ಟಿರಾಯ್ಡ್ ಗುಳಿಗೆಗಳನ್ನು ತೀವ್ರ ಪ್ರಕೋಪದಲ್ಲಿ ಕೆಲವೇ ದಿನ ಕೊಡಬಹುದು. ತಿಂಗಳುಗಟ್ಟಲೆ ನುಂಗಿದರೆ ಮೂಳೆ, ರಕ್ತದ ಸಕ್ಕರೆ, ಕಣ್ಣುಗಳಿಗೆ ಕೇಡು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮೊದಲಾದ ನೋವಿನ ಗುಳಿಗೆಗಳು ದೀರ್ಘಕಾಲಿಕ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದದ್ದನ್ನು ಉಲ್ಬಣಗೊಳಿಸುತ್ತವೆಯಾದ್ದರಿಂದ ಜಾಗ್ರತೆ ಬೇಕು.

ಮನೆಮದ್ದುಗಳ ಪೈಕಿ ದೊಡ್ಡಪತ್ರೆಯ ರಸವನ್ನು ಹಚ್ಚುವುದು ಬಯಲುಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ, ಪುನರ್ಪುಳಿಯ ಪಾನಕವನ್ನು ಕುಡಿಯುವುದು ಕರಾವಳಿಯಲ್ಲಿಯೂ ರೂಢಿಯಲ್ಲಿವೆ. ದದ್ದು ತಾನಾಗಿಯೇ ಕೆಲವು ಗಂಟೆಗಳಲ್ಲಿ ಅಡಗುವ ಸ್ವಭಾವದ್ದಾದುದರಿಂದ, ಯಾವ ಮದ್ದು ಹಚ್ಚಿದರೂ ಅದರಿಂದಲೇ ವಾಸಿಯಾಯಿತೆಂದು ತೋರುವುದು ಸಹಜ. ನವೆಯ ಶಮನಕ್ಕೆ ತಣ್ಣೀರಿನ ಬಟ್ಟೆ, ಕ್ಯಾಲಮಿನ್ ಲೇಪ, ಸಡಿಲವಾದ ಹತ್ತಿಯ ಉಡುಪು ಇವು ನಿರಪಾಯವಾದವು. ಶೀತದಿಂದಲೇ ದದ್ದು ಏಳುವವರಿಗೆ ಮಾತ್ರ ತಣ್ಣೀರು ಸಲ್ಲದು. ದಿನದಿನದ ದದ್ದುಗಳ ಸಂಖ್ಯೆಯನ್ನೂ ನವೆಯ ತೀವ್ರತೆಯನ್ನೂ ಸೊನ್ನೆಯಿಂದ ಮೂರರವರೆಗೆ ಅಂಕವಿಟ್ಟು ವಾರದ ಮೊತ್ತವನ್ನು ಬರೆದಿಡುವ ಪದ್ಧತಿಯಿದೆ, ಪರಮಾವಧಿ ೪೨. ಈ ಪುಟ್ಟ ಲೆಕ್ಕವು ವೈದ್ಯರಿಗೆ ಬಹಳ ಸಹಾಯಕ. ದೀರ್ಘಕಾಲಿಕ ರೋಗವೂ ಹಲವರಲ್ಲಿ ಒಂದರಿಂದ ಐದು ವರ್ಷಗಳೊಳಗೆ ತಾನಾಗಿ ಶಾಂತವಾಗುವುದೆಂಬ ಸಮಾಧಾನವನ್ನು ರೋಗಿಗೆ ಹೇಳಬೇಕು.

೮

ಒಂದು ಸಂದರ್ಭದಲ್ಲಿ ಮಾತ್ರ ಕಾಯುವುದಕ್ಕೆ ಎಡೆಯಿಲ್ಲ. ದದ್ದಿನೊಡನೆ ಉಸಿರಾಟಕ್ಕೆ ಕಷ್ಟ, ನಾಲಗೆ ಅಥವಾ ಗಂಟಲಿನ ಊತ, ದನಿ ಬದಲಾಗುವಿಕೆ, ಮೇಲಿಂದ ಮೇಲೆ ವಾಂತಿ, ತಲೆಸುತ್ತಿ ಬೀಳುವಿಕೆ ಇವುಗಳಲ್ಲಿ ಯಾವುದಾದರೂ ತೋರಿದರೆ ಅದು ಅನಾಫಿಲಾಕ್ಸಿಸ್ ಎಂಬ ಪ್ರಾಣಾಂತಿಕ ಸ್ಥಿತಿ. ವೈಟ್‌ಫೀಲ್ಡಿನ ಎತ್ತರದ ಕಟ್ಟಡಗಳ ಮೊಗಸಾಲೆಗಳಲ್ಲಿ, ಗಾಜಿನ ಗೋಡೆಗಳ ಅಂಚುಗಳಲ್ಲಿ ಹೆಜ್ಜೇನು ಹುಟ್ಟಿಕಟ್ಟುವುದು ಅಪೂರ್ವವಲ್ಲ. ಅದರ ಕುಟುಕು, ಒಗ್ಗದ ಆಹಾರ, ಪೆನಿಸಿಲಿನ್ನಿನಂತಹ ಔಷಧ ಇವು ಈ ಸ್ಥಿತಿಗೆ ಪ್ರಸಿದ್ಧ ಕಾರಣಗಳು.

ಇದಕ್ಕೆ ಮದ್ದು ಅಡ್ರಿನಲಿನ್ ಒಂದೇ. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೦.೦೧ ಮಿ. ಗ್ರಾಂ, ವಯಸ್ಕರಿಗೆ ಹೆಚ್ಚೆಂದರೆ ೦.೫ ಮಿ. ಗ್ರಾಂ. ಸೆಟಿರಿಜಿನ್ ಗುಳಿಗೆಯಾಗಲಿ ಸ್ಟಿರಾಯ್ಡ್ ಆಗಲಿ ಅದರ ಸ್ಥಾನವನ್ನು ತುಂಬಲಾರದು. ರೋಗಿಯೇ ಚುಚ್ಚಿಕೊಳ್ಳುವ ಸಿದ್ಧ ಸೂಜಿಗಳು ಭಾರತದಲ್ಲಿ ಸುಲಭವಾಗಿ ದೊರೆಯುವುದಿಲ್ಲವಾದುದರಿಂದ, ರೋಗಿಯನ್ನು ಕಾಲು ಮೇಲೆತ್ತಿ ಮಲಗಿಸಿ, ಉಸಿರಿಗೆ ಕಷ್ಟವಿದ್ದರೆ ಕುಳ್ಳಿರಿಸಿ, ೧೦೮ಕ್ಕೆ ಕರೆಮಾಡಿ, ಅತಿ ಸಮೀಪದ ಆಸ್ಪತ್ರೆಗೆ ಒಯ್ಯುವುದೇ ದಾರಿ. ೨೦೦೮ರಲ್ಲಿ ಆರಂಭವಾದ ಆರೋಗ್ಯ ಕವಚ ಸೇವೆಯ ಈ ಸಂಖ್ಯೆ ಕಾರ್ಖಾನೆ ಶಾಲೆಗಳ ಗೋಡೆಯ ಮೇಲೆ ಇರತಕ್ಕದ್ದು. ಪಿತ್ತವಲ್ಲವೇ, ಮಜ್ಜಿಗೆ ಕುಡಿದು ಮಲಗಿದರೆ ಇಳಿಯುತ್ತದೆ ಎಂಬ ಮಾತು ಈ ಒಂದು ಗಳಿಗೆಯಲ್ಲಿ ಪ್ರಾಣವನ್ನು ಕೊಂಡೊಯ್ಯಬಲ್ಲದು.

೯

ಪಿತ್ತಗಂಧೆಯೆಂಬ ಹೆಸರನ್ನು ಕಿತ್ತುಹಾಕಬೇಕೆಂಬುದು ಇದರ ತಾತ್ಪರ್ಯವಲ್ಲ. ತಲೆಮಾರುಗಳಿಂದ ಬಂದ ಮಾತು; ತಾಯಂದಿರಿಗೂ ಹಳ್ಳಿಯಿಂದ ಬಂದ ಕೆಲಸಗಾರರಿಗೂ ತಟ್ಟನೆ ಅರ್ಥವಾಗುವ ಮಾತು. ಅದನ್ನು ಅದರ ಸರಿಯಾದ ಎಲ್ಲೆಯೊಳಗೆ ನಿಲ್ಲಿಸಿದರೆ ಸಾಕು: ಒಂದು ದಿನದೊಳಗೆ ಗುರುತಿಲ್ಲದೆ ಹೋಗುವುದು ಪಿತ್ತಗಂಧೆ, ಕಡಿತದಿಂದ ಎದ್ದು ನಿಲ್ಲುವುದು ಗಾದರಿ, ತಗುಲಿದ ವಸ್ತುವಿನಿಂದ ಬಂದು ಚರ್ಮವನ್ನು ಒಡೆಯುವುದು ಸ್ಪರ್ಶಜನ್ಯ ಚರ್ಮದುರಿ, ದದ್ದಿನೊಡನೆ ಉಸಿರನ್ನೋ ಪ್ರಜ್ಞೆಯನ್ನೋ ಕುಂದಿಸುವುದು ಆಸ್ಪತ್ರೆಯ ರೋಗ. ಒಂದು ದಿನವನ್ನು ಮೀರಿ ನಿಂತು, ನೋವಿನಿಂದ ಕೂಡಿ, ನೀಲಿಗಟ್ಟುವ ದದ್ದು ರಕ್ತನಾಳಗಳ ಉರಿಯೂತವಾಗಿರಬಹುದಾದ್ದರಿಂದ ಅದನ್ನೂ ವೈದ್ಯರಿಗೆ ತೋರಿಸಬೇಕು. ಈ ವಿಭಾಗವನ್ನು ತಿಳಿಯಲು ವೈದ್ಯಶಾಸ್ತ್ರದ ಪಾಂಡಿತ್ಯ ಬೇಕಿಲ್ಲ; ಶಬ್ದಗಳನ್ನು ಬಿಡಿಸಿ ಬಳಸುವ ಎಚ್ಚರ ಬೇಕು. ಆ ಎಚ್ಚರವನ್ನು ಕಲಿಸುವ ಭಾರ ವೈದ್ಯರಷ್ಟೇ ಭಾಷೆಯನ್ನು ಬೋಧಿಸುವವರ ಮೇಲೆಯೂ ಇದೆ.